ರಾಜ್ಯಪಾಲರ ಸಹಿ, ಜತ್ತದ ಸಾಕ್ಷಿ

ಮಹಾರಾಷ್ಟ್ರದ ಸಾಂಗ್ಲಿಯ ಜಿಲ್ಲಾ ನ್ಯಾಯಾಧೀಶರಿರಲಿ, ಮಿರಜದ ಸಿವಿಲ್ ನ್ಯಾಯಾಧೀಶರಿರಲಿ, ಸಂವಿಧಾನದ 233 ಮತ್ತು 234ನೇ ವಿಧಿಗಳಂತೆ ನೇಮಿಸುವವರು ರಾಜ್ಯಪಾಲರು. ಅದು ಸಹಿಯ ಮಾತು; ನಡೆಯುವುದು ಹೈಕೋರ್ಟಿನ ಮಾತೇ. ಅದನ್ನು ಬದಿಗೊತ್ತಿದ ಉತ್ತರ ಪ್ರದೇಶದ ನೇಮಕಗಳನ್ನು ಚಂದ್ರಮೋಹನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1966ರಲ್ಲೇ ಒಪ್ಪಲಿಲ್ಲ. ರಾಜಕಾರಣಿಗಳ ಕೈ ದೂರವಿಡುವ ಏರ್ಪಾಡು, ಒಳ್ಳೆಯದೇ.

ಇದೇ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಕನ್ನಡಿಗರ ತೊಡಕು ಬೇರೆ. ಈ ನ್ಯಾಯಾಧೀಶ ಹುದ್ದೆಗಳಿಗೆ ಮರಾಠಿ ಬರಲೇಬೇಕು, ಕನ್ನಡವನ್ನು ಕೇಳುವವರಿಲ್ಲ. ಈ ತಾಲ್ಲೂಕಿನ ಉಮದಿಯ ರೈತ ಬದುವಿನ ಜಗಳ ಹೇಳುವುದು ಕನ್ನಡದಲ್ಲಿ, ಕಾಗದಕ್ಕಿಳಿಯುವುದು ಮರಾಠಿಯಲ್ಲಿ. 2025ರ ಆಗಸ್ಟ್‌ನಲ್ಲಿ ಕೊಲ್ಹಾಪುರಕ್ಕೆ ಬಾಂಬೆ ಹೈಕೋರ್ಟಿನ ಸರ್ಕಿಟ್ ಪೀಠ ಬಂದು ಸಾಂಗ್ಲಿಯವರಿಗೆ ಮುಂಬೈ ಅಲೆದಾಟ ತಪ್ಪಿತು; ಭಾಷೆಯ ತೊಡಕು ಮಾತ್ರ ಉಳಿಯಿತು. ಜತ್ತದ ಕೋರ್ಟಿಗೆ ಕನ್ನಡ ಬಲ್ಲವರನ್ನು ಹಾಕಲು ಹೊಸ ಕಾನೂನೇನೂ ಬೇಡ. 235ನೇ ವಿಧಿಯಂತೆ ವರ್ಗಾವಣೆ ಹೈಕೋರ್ಟಿನ ಕೈಯಲ್ಲೇ ಇದೆ.