ಮನೆಯ ಪಾಠ: ಬಿಡಿಹೂವೂ ಮೊಳದ ಹೂವೂ

ಕಳೆದ ತಿಂಗಳು ನಮಗೆ ಬಂದ ಕಾಗದಗಳಲ್ಲಿ ಒಂದನ್ನು ನಾವು ಮೂರು ನಾಲ್ಕು ಸಲ ಓದಿದೆವು. ಬರೆದವರು ಒಬ್ಬ ಗೃಹಿಣಿ. ಅವರ ಪತಿಯು ಮೊಬೈಲು ಫೋನುಗಳನ್ನು ರಿಪೇರಿ ಮಾಡುವ ಚಿಕ್ಕದೊಂದು ಅಂಗಡಿಯನ್ನಿಟ್ಟಿರುವರಂತೆ; ಮಧ್ಯಾಹ್ನದ ಹೊತ್ತು ಈಕೆಯೇ ಅಲ್ಲಿ ಕುಳಿತು ವ್ಯಾಪಾರವನ್ನು ನೋಡಿಕೊಳ್ಳುವರಂತೆ. ದೂರದ ಸಗಟು ವ್ಯಾಪಾರಿಗಳಿಗೆ ಇಂಗ್ಲಿಷಿನಲ್ಲಿ ಬರೆಯಬೇಕಾಗುವುದರಿಂದ, ನಲವತ್ತು ವರ್ಷ ದಾಟಿದ ಮೇಲೆ, ಮಗನ ಹಳೆಯ ಪಠ್ಯಪುಸ್ತಕಗಳನ್ನಿಟ್ಟುಕೊಂಡು ಆ ಭಾಷೆಯನ್ನು ಕಲಿಯತೊಡಗಿದ್ದಾರೆ. ಇದುವರೆಗೆ ಸಂತೋಷದ ಸಂಗತಿಯೇ. ಆದರೆ ಈಚೆಗೆ ಆಕೆ ಒಂದು ಪತ್ರದಲ್ಲಿ “ಪ್ಲೀಸ್ ಸೆಂಡ್ ಫೋರ್ ಚಾರ್ಜರ್ಸ್” ಎಂದು ಬರೆದು, ಅದರ ಕೆಳಗೆ “ಸೆಂಡ್ ಸಮ್ ಇನ್ಫರ್ಮೇಷನ್ಸ್ ಅಬೌಟ್ ರಿಪೇರ್ ಎಕ್ವಿಪ್‌ಮೆಂಟ್ಸ್” ಎಂದೂ ಸೇರಿಸಿದರು. ಹತ್ತನೆಯ ತರಗತಿಯಲ್ಲಿರುವ ಮಗನು ಅದನ್ನು ಅಂಗಡಿಗೆ ಬಂದ ನಾಲ್ವರ ಎದುರಿಗೆ ಗಟ್ಟಿಯಾಗಿ ಓದಿ ನಕ್ಕನಂತೆ. ಅಂದಿನಿಂದ ಆಕೆ ಇಂಗ್ಲಿಷಿನಲ್ಲಿ ಒಂದು ಸಾಲನ್ನೂ ಬರೆದಿಲ್ಲ. “ಚಾರ್ಜರನ್ನು ಎಣಿಸಬಹುದಾದರೆ ಎಕ್ವಿಪ್‌ಮೆಂಟನ್ನು ಏಕೆ ಎಣಿಸಬಾರದು? ಎರಡೂ ಕಣ್ಣೆದುರಿಗೇ ಇವೆಯಲ್ಲ! ಈ ವಿದ್ಯೆ ನನ್ನಂಥವಳ ತಲೆಗೆ ಹತ್ತುವುದೋ ಇಲ್ಲವೋ, ದಯವಿಟ್ಟು ತಿಳಿಸಬೇಕು” ಎಂದು ಕೇಳಿದ್ದಾರೆ.

ಈ ಪ್ರಶ್ನೆಯು ನಮಗೆ ಹೊಸದಲ್ಲ. ನಾವು ಸಂಸ್ಕೃತವನ್ನೋದಿ ಉಪಾಧ್ಯಾಯರಾದವರು. ಆದರೆ ಇಂಗ್ಲಿಷಿಗೆ ಬೇರೆ ಉಪಾಧ್ಯಾಯರು ದೊರೆಯದ ವರ್ಷಗಳಲ್ಲಿ ಆ ಪಾಠವೂ ನಮ್ಮ ಪಾಲಿಗೇ ಬರುತ್ತಿತ್ತು. ಒಂದು ಸಲ ಎಂಟನೆಯ ತರಗತಿಯ ಹುಡುಗಿಯೊಬ್ಬಳು “ಫರ್ನಿಚರ್ಸ್” ಎಂದು ಬರೆದಳು. ತಪ್ಪೆಂದೆವು. “ಕುರ್ಚಿ ಎಣಿಸಬಹುದು, ಮೇಜು ಎಣಿಸಬಹುದು, ಎರಡನ್ನೂ ಸೇರಿಸಿದ ಮೇಲೆ ಎಣಿಸಬಾರದೆ, ಸಾರ್?” ಎಂದು ಅವಳು ಎದ್ದುನಿಂತು ಕೇಳಿದಳು. ನಮಗೆ ಉತ್ತರ ತಿಳಿದಿರಲಿಲ್ಲ. ತಿಳಿಯದೆಂದು ಹೇಳುವ ಧೈರ್ಯವೂ ಇರಲಿಲ್ಲ. “ರೂಢಿ ಹಾಗಿದೆ, ಕುಳಿತುಕೋ” ಎಂದು ಗದರಿ, ಸರಿಯಾದ ರೂಪವನ್ನು ಐವತ್ತು ಸಲ ಬರೆದು ತರುವಂತೆ ವಿಧಿಸಿದೆವು. ಬರೆದು ತಂದಳು. ಆ ವರ್ಷ ಪುನಃ ಯಾವ ಪ್ರಶ್ನೆಯನ್ನೂ ಅವಳು ಕೇಳಲಿಲ್ಲ. ಅಂದು ಅವಳಿಗೆ ಸಲ್ಲಬೇಕಾಗಿದ್ದ ಉತ್ತರವನ್ನು ಇಂದು ಈ ತಾಯಿಯ ಕೈಗೆ ಒಪ್ಪಿಸುತ್ತಿದ್ದೇವೆ.

ವಿಷಯವನ್ನು ವ್ಯಾಕರಣದ ಪುಸ್ತಕದಿಂದ ತೊಡಗದೆ ಹೂವಿನ ಬುಟ್ಟಿಯಿಂದ ತೊಡಗುವುದು ಲೇಸು. ದೇವರ ಮುಂದೆ ಪೂಜೆಗೆ ಕುಳಿತವರು “ಐದು ಹೂವು ಕೊಡು” ಎನ್ನುತ್ತಾರೆ. ಹೂವಾಡಗಿತ್ತಿಯ ಮುಂದೆ ನಿಂತವರು “ಎರಡು ಮೊಳ ಹೂವು ಕೊಡಮ್ಮ” ಎನ್ನುತ್ತಾರೆ. ಹೂವು ಅದೇ ಮಲ್ಲಿಗೆ. ಮೊದಲನೆಯ ಕಡೆ ಎಣಿಸಿದೆವು, ಎರಡನೆಯ ಕಡೆ ಅಳೆದೆವು. ಒಂದು ಮೊಳದಲ್ಲಿ ಮೊಗ್ಗುಗಳೆಷ್ಟೆಂದು ಯಾರೂ ಕೇಳುವುದಿಲ್ಲ. ಎಣಿಸಲು ಸಾಧ್ಯವಿಲ್ಲವೆಂದಲ್ಲ, ಎಣಿಸುವ ದೃಷ್ಟಿ ಅಲ್ಲಿಲ್ಲ. ಕಟ್ಟಿದ ಮೇಲೆ ಹೂವು ಒಂದು ರಾಶಿಯಾಯಿತು.

ಇಂಗ್ಲಿಷಿನ ನಾಮಪದಗಳಲ್ಲಿರತಕ್ಕ ಎರಡು ಬಗೆಗಳು ಇವೇ. ಚಾರ್ಜರ್, ಬ್ಯಾಟರಿ, ಸ್ಕ್ರೀನ್, ಕೇಬಲ್, ಆಪ್, ಮೆಸೇಜ್, ಪಾಸ್‌ವರ್ಡ್ ಮೊದಲಾದವು ಬಿಡಿಹೂವುಗಳು. ಒಂದಿದ್ದರೆ ಮುಂದುಗಡೆ ‘ಎ’ ಅಥವಾ ‘ಆ್ಯನ್’ ಬರುವುದು, ಹಲವಿದ್ದರೆ ಕೊನೆಗೆ ‘ಎಸ್’ ಹತ್ತುವುದು. ಎಕ್ವಿಪ್‌ಮೆಂಟ್, ಹಾರ್ಡ್‌ವೇರ್, ಸಾಫ್ಟ್‌ವೇರ್, ಇನ್ಫರ್ಮೇಷನ್, ಎಲೆಕ್ಟ್ರಿಸಿಟಿ ಮೊದಲಾದವು ಮೊಳದ ಹೂವುಗಳು; ಇವಕ್ಕೆ ಆ ‘ಎ’ಯೂ ಇಲ್ಲ, ಈ ‘ಎಸ್’ಸೂ ಇಲ್ಲ. ಡೆನ್ಮಾರ್ಕ್ ದೇಶದ ದೊಡ್ಡ ವೈಯಾಕರಣನಾದ ಆಟೋ ಯೆಸ್ಪರ್ಸನ್ ಎಂಬವನು 1924ರಲ್ಲಿ ಪ್ರಕಟವಾದ ತನ್ನ ವ್ಯಾಕರಣತತ್ತ್ವದ ಗ್ರಂಥದಲ್ಲಿ ಮೊದಲನೆಯವನ್ನು ಎಣಿಕೆಯ ಪದಗಳೆಂದೂ ಎರಡನೆಯವನ್ನು ರಾಶಿಯ ಪದಗಳೆಂದೂ ಅರ್ಥಬರುವ ಹೆಸರುಗಳಿಂದ ಕರೆದಿದ್ದಾನೆ. ಎಣಿಸಲಾಗದ ಪದ ಎಂಬ ಶಾಲೆಯ ಹೆಸರಿಗಿಂತ ರಾಶಿಪದವೆಂಬುದೇ ನಮಗೆ ಹಿತವಾಗಿ ತೋರುತ್ತದೆ.

ಇಲ್ಲಿ ಉಪಾಧ್ಯಾಯರಲ್ಲಿಯೂ ಅನೇಕರು ಒಂದು ತಪ್ಪುದಾರಿ ಹಿಡಿಯುವುದುಂಟು. ಮುಟ್ಟಬಹುದಾದುದು ಎಣಿಕೆಗೆ ಬರುವುದು, ಮುಟ್ಟಲಾಗದುದು ಬಾರದು ಎಂದು ಹೇಳಿಕೊಟ್ಟುಬಿಡುತ್ತಾರೆ. ಹಾಗಿದ್ದರೆ ಪಾಸ್‌ವರ್ಡನ್ನು ಮುಟ್ಟಿದವರಾರು? ಅದು ಎಣಿಕೆಗೆ ಬರುತ್ತದೆ. ಎಕ್ವಿಪ್‌ಮೆಂಟನ್ನೋ ಹೊತ್ತು ಗಾಡಿಗೆ ಹಾಕಬಹುದು, ಅದು ಬಾರದು. ಎಣಿಕೆಯು ವಸ್ತುವಿನ ಗುಣವಲ್ಲ, ಪದದ ಗುಣ. ಇದಕ್ಕೆ ನಮ್ಮ ಸಂಸ್ಕೃತಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ನೀರು ಇಂಗ್ಲಿಷಿನಲ್ಲಿ ರಾಶಿಪದ. ಅದೇ ನೀರಿಗೆ ಸಂಸ್ಕೃತದಲ್ಲಿರುವ ‘ಅಪ್’ ಎಂಬ ಶಬ್ದವಾದರೋ ನಿತ್ಯ ಬಹುವಚನ. ಉದ್ಧರಣೆಯಲ್ಲಿ ಒಂದು ತೊಟ್ಟೇ ಇದ್ದರೂ ‘ಆಪಃ’ ಎಂದೇ ಹೇಳಬೇಕು. ಹೆಂಡತಿಯೆಂಬರ್ಥದ ‘ದಾರ’ ಶಬ್ದದ ಗತಿ ಇನ್ನೂ ವಿಚಿತ್ರ: ಪುಲ್ಲಿಂಗ, ಅದರ ಮೇಲೆ ಬಹುವಚನ. ಮನೆಯಲ್ಲಿ ಇರುವವಳೊಬ್ಬಳೇ ಆದರೂ ‘ದಾರಾಃ’. ಇದನ್ನು ನಮ್ಮ ಮನೆಯವರಿಗೆ ಹೇಳಿದಾಗ, ಮಾಡುವ ಕೆಲಸದ ಲೆಕ್ಕದಲ್ಲಿ ಅದು ಸರಿಯಾಗಿಯೇ ಇದೆಯೆಂದರು. ಇನ್ನು ಫ್ರೆಂಚರನ್ನು ನೋಡಿದರೆ ಅವರ ಭಾಷೆಯಲ್ಲಿ ಇನ್ಫರ್ಮೇಷನ್ ಎಂಬ ಪದಕ್ಕೆ ಬಹುವಚನ ಸಲೀಸಾಗಿ ಹತ್ತುತ್ತದೆ. ಸಾಫ್ಟ್‌ವೇರಿಗೆ ಅವರು ಲೋಜಿಸಿಯೆಲ್ ಎನ್ನುತ್ತಾರೆ, ಒಂದು, ಎರಡು, ಮೂರು ಎಂದು ಎಣಿಸುತ್ತಾರೆ. ಆದಕಾರಣ ನಮ್ಮ ಪತ್ರಲೇಖಕಿಯು “ಇನ್ಫರ್ಮೇಷನ್ಸ್” ಎಂದುದು ಬುದ್ಧಿಯ ತಪ್ಪಲ್ಲವೆಂಬುದು ಸ್ಪಷ್ಟ. ಫ್ರಾನ್ಸಿನಲ್ಲಿ ಹುಟ್ಟಿದ್ದರೆ ಅದೇ ಸರಿಯಾಗುತ್ತಿತ್ತು.

ಹಾಗಾದರೆ ಆ ತಪ್ಪು ಎಲ್ಲಿಂದ ಬಂತು? ನಾವು ಯೋಚಿಸಿ ನೋಡಿದುದರಲ್ಲಿ ಅದು ಕನ್ನಡದಿಂದಲೇ ಬಂದಿದೆ. ಎಕ್ವಿಪ್‌ಮೆಂಟ್ ಎಂದರೆ ಉಪಕರಣವೆಂದು ಪಠ್ಯಪುಸ್ತಕದ ಕೊನೆಯ ಪದಪಟ್ಟಿ ಹೇಳುತ್ತದೆ. ಉಪಕರಣಗಳು ಎಂದು ನಾವು ಹೇಳುತ್ತೇವಷ್ಟೆ, ಆದುದರಿಂದ “ಎಕ್ವಿಪ್‌ಮೆಂಟ್ಸ್”. ಇನ್ಫರ್ಮೇಷನ್ ಎಂದರೆ ಮಾಹಿತಿ, ಮಾಹಿತಿಗಳು ಎನ್ನುವವರುಂಟು, ಆದುದರಿಂದ “ಇನ್ಫರ್ಮೇಷನ್ಸ್”. ಅಡ್ವೈಸ್ ಎಂದರೆ ಸಲಹೆ, ಸಲಹೆಗಳು, “ಅಡ್ವೈಸಸ್”. ಪದಪಟ್ಟಿಯು ಅರ್ಥವನ್ನು ಸರಿಯಾಗಿ ಕೊಟ್ಟು, ಜಾತಿಯನ್ನು ತಪ್ಪಾಗಿ ಕೊಟ್ಟಿತು.

ಇದಕ್ಕೆ ಪರಿಹಾರವೂ ಕನ್ನಡದಲ್ಲಿಯೇ ಉಂಟು. ಎಕ್ವಿಪ್‌ಮೆಂಟ್ ಎಂಬುದಕ್ಕೆ ಉಪಕರಣವೆಂದು ಬರೆದುಕೊಳ್ಳುವ ಬದಲು ಸರಂಜಾಮು ಎಂದು ಬರೆದುಕೊಳ್ಳಿರಿ. “ನಾಲ್ಕು ಸರಂಜಾಮು ಕೊಡಿ” ಎಂದು ಯಾರಾದರೂ ಹೇಳುವರೆ? ಬಾಯಿ ತಾನಾಗಿ ತಡೆಯುತ್ತದೆ. “ರಿಪೇರಿಯ ಸರಂಜಾಮೆಲ್ಲ ಬಂತೇ?” ಎನ್ನುತ್ತೇವೆ, ಒಂದೇ ರಾಶಿಯಾಗಿ. ಇನ್ಫರ್ಮೇಷನ್ ಎಂಬುದಕ್ಕೆ ತಿಳಿವಳಿಕೆ ಎಂದಿಟ್ಟುಕೊಳ್ಳಿರಿ. ಎರಡು ತಿಳಿವಳಿಕೆ ಎಂಬ ಮಾತಿಲ್ಲ, ಸ್ವಲ್ಪ ತಿಳಿವಳಿಕೆ ಎಂಬುದುಂಟು. ಅಡ್ವೈಸಿಗೆ ಬುದ್ಧಿ. “ಮಗನಿಗೆ ಸ್ವಲ್ಪ ಬುದ್ಧಿ ಹೇಳಿ” ಎಂದು ನೆರೆಯವರು ನಮ್ಮಲ್ಲಿಗೆ ಬರುವರೇ ಹೊರತು “ಮೂರು ಬುದ್ಧಿ ಹೇಳಿ” ಎಂದು ಬಂದವರನ್ನು ನಾವು ಕಂಡಿಲ್ಲ. ಎಣಿಸಲೇಬೇಕಾದರೆ ಮಾತೆಂಬುದನ್ನು ಸೇರಿಸಿ “ಎರಡು ಬುದ್ಧಿಮಾತು” ಎನ್ನುತ್ತೇವೆ. ಇಂಗ್ಲಿಷಿನವರು ಮಾಡುವುದೂ ಇದನ್ನೇ: “ಎ ವರ್ಡ್ ಆಫ್ ಅಡ್ವೈಸ್”, “ಎ ಪೀಸ್ ಆಫ್ ಇನ್ಫರ್ಮೇಷನ್”, “ತ್ರೀ ಪೀಸಸ್ ಆಫ್ ಎಕ್ವಿಪ್‌ಮೆಂಟ್”. ನಮ್ಮಲ್ಲಿ ಬೆಲ್ಲಕ್ಕೆ ಅಚ್ಚು, ಸೊಪ್ಪಿಗೆ ಕಟ್ಟು, ಬೆಳ್ಳುಳ್ಳಿಗೆ ಎಸಳು, ಅಕ್ಕಿಗೆ ಪಾವು ಸೇರು ಇದ್ದಂತೆ ಅವರಲ್ಲಿ ಬಹುಮಟ್ಟಿಗೆ ‘ಪೀಸ್’ ಎಂಬ ಒಂದೇ ಮಾತು. ಅಡಿಗೆಮನೆಯ ಈ ಸಂಪತ್ತನ್ನು ನೋಡಿದರೆ ಅವರೇ ಕೊಂಚ ಬಡವರೆನ್ನಬೇಕು.

ಸಾಫ್ಟ್‌ವೇರ್ ಎಂಬ ಮಾತಿನ ಹುಟ್ಟನ್ನೂ ಇಲ್ಲಿ ಹೇಳಬೇಕು. ‘ವೇರ್’ ಎಂದರೆ ಸರಕು. ‘ಹಾರ್ಡ್‌ವೇರ್’ ಎಂದರೆ ಮೊಳೆ, ಚಿಲಕ, ಬಾಗಿಲ ಕೀಲು ಮುಂತಾದ ಗಟ್ಟಿಸರಕು. ಆ ಹೆಸರಿನ ಅಂಗಡಿಯು ನಮ್ಮ ಪೇಟೆಬೀದಿಗಳಲ್ಲಿ ಕಂಪ್ಯೂಟರಿಗಿಂತ ಬಹಳ ಮೊದಲೇ ಇತ್ತು. ಕಂಪ್ಯೂಟರಿನ ಲೋಹದ ಭಾಗಗಳಿಗೆ ಆ ಹೆಸರೇ ಸಂದ ಮೇಲೆ, ಅದನ್ನು ನಡೆಸುವ ಆಜ್ಞೆಗಳ ಸಮೂಹಕ್ಕೆ ಅದರ ಎದುರುಮಾತು ಬೇಕಾಯಿತು. ಅಮೆರಿಕದ ಗಣಿತಜ್ಞ ಜಾನ್ ಟ್ಯೂಕಿಯು 1958ರಲ್ಲಿ ಬರೆದ ಒಂದು ಲೇಖನದಲ್ಲಿ ಸಾಫ್ಟ್‌ವೇರ್ ಎಂಬ ಪದವು ಈ ಅರ್ಥದಲ್ಲಿ ಕಾಣುತ್ತದೆ. ಅಣ್ಣನು ಎಣಿಕೆಗೆ ಬಾರದವನಾದುದರಿಂದ ತಮ್ಮನೂ ಹಾಗೆಯೇ ಆದನು. ಆದುದರಿಂದ “ಐ ನೋ ತ್ರೀ ಸಾಫ್ಟ್‌ವೇರ್ಸ್” ಎಂದು ಉದ್ಯೋಗದ ಅರ್ಜಿಯಲ್ಲಿ ಬರೆಯಬಾರದು. ಪ್ರೋಗ್ರಾಮ್ಸ್ ಎಂದೋ ಆಪ್ಸ್ ಎಂದೋ ಬರೆದರೆ ಕೆಲಸವೂ ಸುಲಭ, ‘ಎಸ್’ಗೂ ಜಾಗವುಂಟು.

ಕೆಲವು ಪದಗಳು ನಮ್ಮ ಮಲ್ಲಿಗೆಯಂತೆ ಎರಡೂ ಕಡೆ ಇರುವುವು. ಫೋನಿನ ಮೆಮೊರಿಯು ಕಣಜದಂತೆ, ಜಿ.ಬಿ. ಎಂಬ ಸೇರಿನಿಂದ ಅದನ್ನು ಅಳೆಯುತ್ತೇವೆ, “ಮಚ್ ಮೆಮೊರಿ” ಎನ್ನುತ್ತೇವೆ. ಮನುಷ್ಯರ ನೆನಪುಗಳಾದರೆ ಅದೇ ಪದವು ‘ಮೆಮೊರೀಸ್’ ಆಗಿ ಒಂದೊಂದಾಗಿ ಎಣಿಕೆಗೆ ಬರುತ್ತದೆ. ಡೇಟಾ ಎಂಬುದು ಮೂಲತಃ ಲ್ಯಾಟಿನ್ ಭಾಷೆಯ ಬಹುವಚನ, ‘ಡೇಟಮ್’ ಎಂಬುದು ಅದರ ಏಕವಚನ. ವಿದ್ವಾಂಸರಲ್ಲಿ ಕೆಲವರು ಈಗಲೂ “ದೀಸ್ ಡೇಟಾ ಆರ್” ಎಂದು ಬರೆಯುತ್ತಾರೆ. ಆದರೆ ತಿಂಗಳ ರೀಚಾರ್ಜು ಮುಗಿಯುವ ಮುನ್ನವೇ ಖರ್ಚಾಗಿಬಿಡುವ ಡೇಟಾ ಶುದ್ಧ ರಾಶಿಪದ. ಅದನ್ನು ಬಹುವಚನವೆಂದು ಅಂಗಡಿಯಲ್ಲಿ ಯಾರೂ ಸಾಧಿಸಹೋಗಬೇಕಾಗಿಲ್ಲ.

ಇಂಗ್ಲಿಷಿನವರೂ ತಪ್ಪದೆ ನಡೆದವರಲ್ಲ. ಬಟಾಣಿಗೆ ಅವರಲ್ಲಿ ಹಿಂದೆ ‘ಪೀಸ್’ ಎಂಬ ರಾಶಿಪದವಿತ್ತು (ತುಂಡೆಂಬ ಪೀಸ್ ಬೇರೆ, ಇದು ಬೇರೆ). ಅದರ ಕೊನೆಯ ಧ್ವನಿಯನ್ನು ಬಹುವಚನದ ‘ಎಸ್’ ಎಂದು ಜನರು ಭ್ರಮಿಸಿ, ಅದನ್ನು ಕಳೆದು, ಒಂದು ಕಾಳಿಗೆ ‘ಪೀ’ ಎಂದರು. 17ನೆಯ ಶತಮಾನದ ಹೊತ್ತಿಗೆ ಆ ಭ್ರಮೆಯೇ ಶುದ್ಧರೂಪವಾಗಿ ನಿಂತಿತು. ನಮ್ಮ ಕಾಲದಲ್ಲಿಯೇ ಇನ್ನೊಂದು ನಡೆದಿದೆ: ‘ಮೇಲ್’ ಎಂದರೆ ಒಟ್ಟು ಅಂಚೆ, ರಾಶಿಪದ, ಅದರಿಂದ ಹುಟ್ಟಿದ ಈಮೇಲನ್ನೋ ಈಗ ಎಲ್ಲರೂ ಎಣಿಸುತ್ತಾರೆ, “ಟೆನ್ ಈಮೇಲ್ಸ್” ಎಂದರೆ ನಗುವವರಿಲ್ಲ. ನಮ್ಮ ದೇಶದ ಕಚೇರಿಪತ್ರಗಳಲ್ಲಿ ಎಷ್ಟೋ ಕಡೆ “ಎಕ್ವಿಪ್‌ಮೆಂಟ್ಸ್” ಎಂದೇ ಕಾಣುತ್ತದೆ. ಮುಂದೊಂದು ದಿನ ಅದೂ ಸರಿಯಾಗಲೂಬಹುದು. ಆದರೆ ಚಾರ್ಜರು ತರಿಸುವ ಪತ್ರದಲ್ಲಿ ಭಾಷೆಯ ಭವಿಷ್ಯವನ್ನು ನಿರ್ಣಯಿಸಹೋಗುವುದು ಬೇಡ. ಇಂದು ಸಲ್ಲುವ ನಾಣ್ಯವನ್ನೇ ಕೊಡೋಣ.

‘ಮೆನಿ’, ‘ಮಚ್’ ಎಂಬ ಎರಡು ಮಾತುಗಳ ವಿಷಯವನ್ನೂ ಹೇಳಿಬಿಡುತ್ತೇವೆ. ಕನ್ನಡದ ‘ಎಷ್ಟು’ ಎರಡಕ್ಕೂ ಸಲ್ಲುವುದರಿಂದ ಇಲ್ಲಿ ನಮ್ಮವರು ಎಡವುತ್ತಾರೆ. ಎಷ್ಟು ಕೇಬಲ್ ಎಂದರೆ ‘ಹೌ ಮೆನಿ’, ಎಷ್ಟು ಡೇಟಾ ಎಂದರೆ ‘ಹೌ ಮಚ್’. ‘ಕೆಲವು’ ಎಂಬುದನ್ನು ಹಿಡಿದುಕೊಂಡರೆ ದಾರಿ ಸಿಕ್ಕುತ್ತದೆ. ಕೆಲವು ನೀರು ಎಂದು ಹಾಲುಗಲ್ಲದ ಮಗುವೂ ಹೇಳುವುದಿಲ್ಲ, ಸ್ವಲ್ಪ ನೀರು ಎನ್ನುತ್ತದೆ. ‘ಕೆಲವು’ ಒಪ್ಪುವಲ್ಲಿ ‘ಎ ಫ್ಯೂ’, ‘ಮೆನಿ’. ‘ಸ್ವಲ್ಪ’ ಮಾತ್ರ ಒಪ್ಪುವಲ್ಲಿ ‘ಎ ಲಿಟ್ಲ್’, ‘ಮಚ್’. ಪದವನ್ನು ಉಪಕರಣವೆಂದಲ್ಲದೆ ಸರಂಜಾಮೆಂದು ಮೊದಲು ತಿದ್ದಿಕೊಂಡಿರಬೇಕು, ಅಷ್ಟೆ. ಸಂಶಯ ಬಂದಲ್ಲಿ ‘ಸಮ್’, ‘ಎ ಲಾಟ್ ಆಫ್’ ಎಂಬವು ಎರಡು ಬಗೆಗೂ ಸಲ್ಲುವುವು.

ಈಗ ಆ ತಾಯಿಯ ಪತ್ರಕ್ಕೆ ಬರುತ್ತೇವೆ. “ಫೋರ್ ಚಾರ್ಜರ್ಸ್” ಎಂಬುದನ್ನು ಆಕೆಯ ಮಗನು ಗಮನಿಸಿದಂತಿಲ್ಲ. ಕನ್ನಡದಲ್ಲಿ ನಾಲ್ಕು ಚಾರ್ಜರು ಎಂದರೆ ಸಾಕು, ‘ಗಳು’ ಬೇಕಾಗಿಲ್ಲ. ನಾಲ್ಕು ಎಂದ ಮೇಲೆ ಬಹುತ್ವವು ಹೇಳಿಯೇ ಆಯಿತು. ಆ ಅಭ್ಯಾಸವನ್ನು ಮೀರಿ ‘ಎಸ್’ ಹಾಕುವುದು ಕನ್ನಡಿಗರಿಗೆ ಕಷ್ಟದ ಪಾಠ. ನಲವತ್ತು ದಾಟಿದ ಗೃಹಿಣಿ ಯಾರ ನೆರವೂ ಇಲ್ಲದೆ ಅದನ್ನು ಕಲಿತಿದ್ದಾರೆ. ಕಲಿತುದನ್ನು ಶ್ರದ್ಧೆಯಿಂದ ಮುಂದಿನ ಸಾಲಿಗೂ ಹಾಕಿದ್ದಾರೆ. ಆ ಸಾಲಿನಿಂದ ಎರಡು ‘ಎಸ್’ ಅಕ್ಷರಗಳನ್ನು ಒರಸಿದರೆ ಪತ್ರವು ಎಲ್ಲಿಗೆ ಕಳುಹಿಸಲೂ ಯೋಗ್ಯವಾಗುತ್ತದೆ: “ಪ್ಲೀಸ್ ಸೆಂಡ್ ಫೋರ್ ಚಾರ್ಜರ್ಸ್. ಸೆಂಡ್ ಸಮ್ ಇನ್ಫರ್ಮೇಷನ್ ಅಬೌಟ್ ರಿಪೇರ್ ಎಕ್ವಿಪ್‌ಮೆಂಟ್.” ಅಮ್ಮಾ, ವಿದ್ಯೆ ತಲೆಗೆ ಹತ್ತುವುದೋ ಎಂದು ಕೇಳಿದಿರಿ, ಹತ್ತಿಯಾಗಿದೆ. ಇದನ್ನು ಇವತ್ತೇ ಬರೆದು ಅಂಚೆಗೆ ಹಾಕಿರಿ.

ನಿಮ್ಮ ಮಗನಿಗೂ ನಮ್ಮಿಂದ ಒಂದು ಪ್ರಶ್ನೆಯನ್ನು ಮುಟ್ಟಿಸಿರಿ. ‘ನ್ಯೂಸ್’ ಎಂಬ ಪದದ ಕೊನೆಯಲ್ಲಿ ‘ಎಸ್’ ಇದೆ. ಆದರೂ “ದಿ ನ್ಯೂಸ್ ಈಸ್ ಗುಡ್” ಎಂದೇ ಹೇಳುತ್ತಾರೆ, “ಆರ್” ಎನ್ನುವುದಿಲ್ಲ. ಇದು ಬಿಡಿಹೂವೋ ಮೊಳದ ಹೂವೋ? ಅವನು ಉತ್ತರವನ್ನು ಇಂಗ್ಲಿಷಿನಲ್ಲಿ ನಿಮ್ಮ ಕೈಯಲ್ಲಿ ತಿದ್ದಿಸಿಕೊಂಡು ನಮಗೆ ಕಳುಹಿಸಲಿ. ಮುಂದಿನ ತಿಂಗಳ ಪಾಠದಲ್ಲಿ ‘ಎ’, ‘ದಿ’ ಎಂಬ ಎರಡು ಚಿಕ್ಕ ಮಾತುಗಳನ್ನು ಎತ್ತಿಕೊಳ್ಳುತ್ತೇವೆ. ಅದಕ್ಕೆ ಪ್ರಶ್ನೆಗಳನ್ನು ಕಳುಹಿಸತಕ್ಕವರು ಹದಿನೈದನೆಯ ತಾರೀಖಿನೊಳಗೆ ಕಳುಹಿಸಬೇಕು.