ಸಂಜೆಗಡಲು ಮತ್ತು ಕಿರುದೋಣಿ

ಬಯಲುಸೀಮೆಯಲ್ಲಿ ಹುಟ್ಟಿ, ಕೆರೆ ಬಾವಿಗಳ ನೀರನ್ನಷ್ಟೇ ಕಂಡು ಬೆಳೆದವರಿಗೆ ಕಡಲೆಂಬುದು ಎಂದಿಗೂ ತೀರದ ಬೆರಗು. ರಜೆ ಬಂದಿತೆಂದರೆ ಧಾರವಾಡ, ಹಾವೇರಿ, ಗದಗದ ಕಡೆಯ ನಮ್ಮ ಕುಟುಂಬಗಳು ಅನೇಕ ಕಾರವಾರದ ದಾರಿ ಹಿಡಿಯುತ್ತವೆ. ಹಿಂದೆ ಹಿರಿಯರು ಮರಳಿನ ಮೇಲೆ ಕುಳಿತು, ಮುಳುಗುವ ಸೂರ್ಯನಿಗೆ ಕೈಮುಗಿದು ಹಿಂದಿರುಗುತ್ತಿದ್ದರು. ಈಗಿನ ಮಕ್ಕಳಿಗೆ ಅಷ್ಟು ಸಾಲದು. ಕಯಾಕ್ ಎಂಬ ಕಿರುದೋಣಿಯನ್ನೇರಿ, ತಾವೇ ಹುಟ್ಟು ಹಾಕುತ್ತ, ನೀರಿನ ಮೇಲಿನಿಂದಲೇ ಸೂರ್ಯಾಸ್ತವನ್ನು ನೋಡಬೇಕೆನ್ನುತ್ತಾರೆ. ತಾಯಂದಿರು ಅಂಜುತ್ತಾರೆ, ತಂದೆಯಂದಿರು ಗದರುತ್ತಾರೆ. ಕಳುಹಿಸಬೇಕೇ, ತಡೆಯಬೇಕೇ ಎಂಬ ಈ ಪ್ರಶ್ನೆಯನ್ನು ಈ ಸಲ ಸದ್ಭಕ್ತರೊಡನೆ ಕುಳಿತು ವಿಚಾರಿಸಬೇಕೆಂದು ನಮಗೆ ತೋರಿದೆ.

ಮೊದಲಿಗೆ ಹೆಸರಿನ ಮಾತು. ಕಯಾಕ್ ಎಂಬುದಕ್ಕೂ ನಮ್ಮ ಕಾಯಕಕ್ಕೂ ಉಚ್ಚಾರದ ಸಾಮ್ಯವಿದೆಯೇ ಹೊರತು ಬೇರಾವ ನಂಟೂ ಇಲ್ಲ. ಉತ್ತರ ಧ್ರುವದ ಸಮೀಪ, ಗ್ರೀನ್‌ಲ್ಯಾಂಡ್ ಮೊದಲಾದ ಹಿಮಪ್ರದೇಶಗಳಲ್ಲಿ ವಾಸಿಸುವ ಇನೂಯಿಟ್ ಜನರ ಭಾಷೆಯ ಶಬ್ದವಿದು. ಮರ ಬೆಳೆಯದ ಆ ನಾಡಿನಲ್ಲಿ ಅಲೆಗಳು ತಂದೆಸೆದ ಕಟ್ಟಿಗೆ ಮತ್ತು ಎಲುಬುಗಳಿಂದ ಹಂದರ ಕಟ್ಟಿ, ಮೇಲೆ ಸೀಲ್ ಪ್ರಾಣಿಯ ಚರ್ಮ ಹೊದಿಸಿ, ಬೇಟೆಗಾರರು ಈ ದೋಣಿಯನ್ನು ಮಾಡಿಕೊಳ್ಳುತ್ತಿದ್ದರು. ಅವರಿಗದು ವಿನೋದವಾಗಿರಲಿಲ್ಲ, ಹೊಟ್ಟೆಪಾಡಾಗಿತ್ತು. ಇಂದಿನ ಕಯಾಕುಗಳು ಹೆಚ್ಚಾಗಿ ಪ್ಲಾಸ್ಟಿಕ್ಕಿನವು. ಕುಳಿತವನು ಮುಂದಕ್ಕೆ ಮುಖ ಮಾಡಿ, ಎರಡೂ ತುದಿಗೆ ಅಲಗುಳ್ಳ ಒಂದೇ ಹುಟ್ಟನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಕುತ್ತಾನೆ. ಬಲ ಬರಬೇಕಾದದ್ದು ತೋಳಿನಿಂದಲ್ಲ, ನಡುವಿನಿಂದ. ತೋಳನ್ನೇ ನಂಬಿದವನು ಬೇಗನೆ ದಣಿಯುತ್ತಾನೆ.

ಇಂಥ ದೋಣಿಗೆ ಕಾರವಾರದ ಕೊಲ್ಲಿ ತಕ್ಕ ತಾಣವೆಂಬುದರಲ್ಲಿ ಸಂದೇಹವಿಲ್ಲ. ದಕ್ಷಿಣಕ್ಕೆ ಕಡಲಿಗೆ ಚಾಚಿದ ಗುಡ್ಡ, ಉತ್ತರಕ್ಕೆ ಕಾಳಿ ನದಿಯ ಅಳಿವೆ, ಅದರಾಚೆ ಸದಾಶಿವಗಡ ಮತ್ತು ದೇವಬಾಗ, ಮುಂದುಗಡೆ ಕೂರ್ಮಗಡವೇ ಮೊದಲಾದ ನಡುಗಡ್ಡೆಗಳು. ಇವೆಲ್ಲವೂ ಸೇರಿ ದೊಡ್ಡ ತೆರೆಗಳ ರಭಸವನ್ನು ತಗ್ಗಿಸುತ್ತವೆ. ಮಳೆಗಾಲ ಕಳೆದು ಚಳಿಗಾಲ ಬಂದಾಗ ಈ ನೀರು ಹಲವು ಸಂಜೆ ಕೆರೆಯಂತೆ ಶಾಂತವಾಗಿರುತ್ತದೆ.

ಈ ಕೊಲ್ಲಿಯ ಚೆಲುವಿಗೆ ಮನಸೋತವರಲ್ಲಿ ರವೀಂದ್ರನಾಥ ಟಾಗೋರರೂ ಒಬ್ಬರು. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ, 1883ರ ಸುಮಾರಿಗೆ, ಇಪ್ಪತ್ತೆರಡರ ತರುಣ ಕವಿ ಇಲ್ಲಿ ಬಂದು ತಂಗಿದ್ದರು. ‘ಪ್ರಕೃತಿಯ ಪ್ರತೀಕಾರ’ ಎಂಬರ್ಥದ ನಾಟಕವನ್ನು ಇಲ್ಲಿಯೇ ಬರೆದರು. ಲೋಕದ ಬಂಧನಗಳನ್ನೆಲ್ಲ ಕಡಿದೊಗೆದು ಗೆದ್ದೆನೆಂದು ಬೀಗಿದ ಸಂನ್ಯಾಸಿಯೊಬ್ಬನನ್ನು ಅನಾಥ ಬಾಲಿಕೆಯೊಬ್ಬಳ ಪ್ರೀತಿ ಮರಳಿ ಲೋಕದೆಡೆಗೆ ಸೆಳೆಯುವ ಕಥೆಯದು. ಜಗತ್ತಿಗೆ ಬೆನ್ನು ತಿರುಗಿಸಿ ಅನಂತವನ್ನು ಅರಸಿದವನಿಗೆ, ಅದು ಈ ಸಣ್ಣ ಸಂಗತಿಗಳಲ್ಲಿಯೇ ಇದೆಯೆಂಬ ಅರಿವು ಅಲ್ಲಿ ಮೂಡುತ್ತದೆ. ಆದುದರಿಂದ, ಮಕ್ಕಳು ಸೂರ್ಯಾಸ್ತದ ಸೊಬಗಿಗೆ ಹಂಬಲಿಸುವುದನ್ನು ನಾವು ಚಾಪಲ್ಯವೆಂದು ತಳ್ಳಿಹಾಕಲಾರೆವು. ನೋಡುವ ಕಣ್ಣು, ಬೆರಗುಪಡುವ ಮನಸ್ಸು ಇವು ಸಂಸ್ಕಾರದ ಭಾಗಗಳೇ.

ಆದರೆ ಅದೇ ಕವಿ ತಮ್ಮ ನೆನಪುಗಳಲ್ಲಿ ಇನ್ನೊಂದು ಸಂಗತಿಯನ್ನೂ ಹೇಳಿದ್ದಾರೆ. ಬೆಳದಿಂಗಳ ರಾತ್ರಿಯೊಂದರಲ್ಲಿ ಅವರು ಜೊತೆಯವರೊಡನೆ ಕಾಳಿ ನದಿಯಲ್ಲಿ ದೋಣಿಯಲ್ಲಿ ಸಂಚರಿಸಿ ಹಿಂದಿರುಗುವಾಗ, ಅಳಿವೆಯನ್ನು ತಲುಪುವಷ್ಟರಲ್ಲಿ ಬಹಳ ಹೊತ್ತಾಗಿತ್ತು. ಅಲ್ಲಿಂದ ಅವರು ಕಡಲಿಗೆ ದೋಣಿ ಬಿಡಲಿಲ್ಲ. ಇಳಿದು, ಮರಳಿನ ಮೇಲೆ ನಡೆದೇ ಮನೆ ಸೇರಿದರು. ಅಂದು ಕಡಲು ನಿಶ್ಚಲವಾಗಿದ್ದರೂ ಅವರು ಹಾಗೆ ಮಾಡಿದರೆಂಬುದನ್ನು ನಮ್ಮ ತರುಣರು ಗಮನಿಸಬೇಕು.

ಸೂರ್ಯಾಸ್ತದ ವಿಹಾರದ ಅಪಾಯ ಅಲೆಗಳಲ್ಲಿ ಅಷ್ಟಿಲ್ಲ, ಹೊತ್ತಿನಲ್ಲಿದೆ. ಸೂರ್ಯಬಿಂಬದ ಕೆಳಅಂಚು ಕಡಲನ್ನು ಮುಟ್ಟಿದಂತೆ ಕಾಣುವಾಗ, ವಾಸ್ತವವಾಗಿ ಸೂರ್ಯನು ಆಗಲೇ ದಿಗಂತದ ಕೆಳಗಿಳಿದಿರುತ್ತಾನೆ. ವಾತಾವರಣವು ಬೆಳಕನ್ನು ಬಾಗಿಸಿ ಅವನನ್ನು ಮೇಲೆತ್ತಿ ತೋರಿಸುತ್ತಿರುತ್ತದೆ. ಅಲ್ಲಿಂದ ಬಿಂಬವು ಪೂರ್ಣ ಮರೆಯಾಗಲು ಎರಡು ನಿಮಿಷಕ್ಕೆ ತುಸು ಹೆಚ್ಚು ಸಾಕು. ನಮ್ಮ ಸೀಮೆಯಲ್ಲಿ ಸಂಧ್ಯೆಯೂ ಅಲ್ಪಾಯುಷಿ. ಉಪಯುಕ್ತವಾದ ಬೆಳಕು ಉಳಿಯುವುದು ಸುಮಾರು 20 ನಿಮಿಷ. ಗಂಟೆಗೆ 4 ಕಿಲೋಮೀಟರ್ ಸಾಗುವ ಹೊಸಬನು ಅಷ್ಟರಲ್ಲಿ ಕ್ರಮಿಸುವುದು ಒಂದೂಕಾಲು ಕಿಲೋಮೀಟರಿನಷ್ಟು ಮಾತ್ರ. ಬಿಂಬ ಮುಳುಗಿದ ಮೇಲೆ ಹಿಂದಿರುಗುವೆನೆಂದು ದೂರ ಹೋದವನನ್ನು ಕತ್ತಲು ನಡುನೀರಿನಲ್ಲಿಯೇ ಹಿಡಿಯುತ್ತದೆ.

ಗಾಳಿಯ ಮಾತು ಇನ್ನೊಂದು. ಹಗಲು ಕಾದ ನೆಲ ಗಾಳಿಯನ್ನು ಕಡಲಿನಿಂದ ದಡಕ್ಕೆ ಸೆಳೆಯುತ್ತದೆ. ಆಗ ಅದು ದೋಣಿಯನ್ನು ಮನೆಯ ಕಡೆಗೇ ನೂಕುತ್ತದೆ. ಸಂಜೆ ಆ ಗಾಳಿ ಅಡಗಿ, ನೆಲ ತಣಿದ ಮೇಲೆ ದಡದಿಂದ ಕಡಲಿಗೆ ತಿರುಗಿ ಬೀಸತೊಡಗುತ್ತದೆ. ಅದರ ಜೊತೆಗೆ ಇಳಿತವೂ ಕೂಡಿಬಂದರೆ ಅಳಿವೆಯ ನೀರು ಹೊರಮುಖವಾಗಿ ಹರಿಯುತ್ತದೆ. ದಣಿದ ತೋಳು, ಕವಿಯುವ ಕತ್ತಲು, ಹೊರಕ್ಕೆಳೆಯುವ ಗಾಳಿ ನೀರುಗಳು ಇವೆಲ್ಲ ಒಂದೇ ವೇಳೆಗೆ ಬರುತ್ತವೆ. ಮೇಲೆ ನೋಡಿದರೆ ಕೊಲ್ಲಿ ಶಾಂತವಾಗಿಯೇ ಇರುತ್ತದೆ.

ಈ ಮಾತು ಬರಿಯ ಎಚ್ಚರಿಕೆಗಾಗಿ ಹೇಳಿದ್ದಲ್ಲ. 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ಜಾತ್ರೆಯಿಂದ ಹಿಂದಿರುಗುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ಅವರಲ್ಲಿ ಹಾವೇರಿ ಜಿಲ್ಲೆಯಿಂದ ಬಂದವರೂ ಇದ್ದರು. ದೋಣಿಯಲ್ಲಿ ಮಿತಿಮೀರಿ ಜನರಿದ್ದರೆಂದೂ, ಬಹುಮಂದಿ ಲೈಫ್ ಜಾಕೆಟ್ ತೊಟ್ಟಿರಲಿಲ್ಲವೆಂದೂ ಆಗ ವರದಿಯಾಯಿತು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರಕ್ಕೆ ಶಾಲೆಯ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಬಾಲಕಿಯರನ್ನು ಕಡಲು ಸೆಳೆದೊಯ್ದಿತು. ಆ ಮನೆಗಳ ದುಃಖವನ್ನು ಯಾವ ಸಾಂತ್ವನದ ಮಾತು ತಾನೇ ತುಂಬೀತು?

ಹಾಗಾದರೆ ಮಾಡಬೇಕಾದುದೇನು? ನಮ್ಮ ಅಭಿಪ್ರಾಯ ಇಷ್ಟು. ತಡೆಯಬೇಡಿರಿ, ಆದರೆ ಅಣಿಗೊಳಿಸದೆ ಕಳುಹಿಸಬೇಡಿರಿ. ಮಳೆಗಾಲದ ಜೂನ್‌ನಿಂದ ಸೆಪ್ಟೆಂಬರ್ ತನಕ ಈ ವಿಚಾರವನ್ನೇ ಎತ್ತಬಾರದು. ಅನುಮತಿ ಪಡೆದು ನಡೆಸುವವರ ಬಳಿಗೆ ಮಾತ್ರ ಹೋಗಬೇಕು, ನುರಿತ ಮಾರ್ಗದರ್ಶಕನು ಜೊತೆಯ ದೋಣಿಯಲ್ಲಿರಬೇಕು. ಲೈಫ್ ಜಾಕೆಟ್ಟಿನ ಪಟ್ಟಿಗಳನ್ನೆಲ್ಲ ಬಿಗಿದಿರಬೇಕು. ಸೆಕೆಯೆಂದು ಬಿಚ್ಚಿ ಕಾಲಬಳಿ ಇಟ್ಟ ಜಾಕೆಟ್ ಯಾರನ್ನೂ ಉಳಿಸದು. ಸೀಟಿ, ನೀರು ತಾಗದ ಚೀಲದಲ್ಲಿ ಫೋನು, ಸಣ್ಣ ಟಾರ್ಚು ಸಂಗಡವಿರಲಿ. ಕಾರವಾರದಲ್ಲಿ ನೌಕಾನೆಲೆಯಿದೆ, ನಿಷಿದ್ಧವಾದ ಎಡೆಗೆ ಸುಳಿಯಬಾರದು. ನವೆಂಬರಿನಲ್ಲಿ ಸೂರ್ಯಾಸ್ತ ಆರು ಗಂಟೆಯ ಸುಮಾರಿಗೆ; ನಾಲ್ಕೂವರೆಗೆ ಹೊರಟು, ದಡಕ್ಕೆ ಸಮಾನಾಂತರವಾಗಿ ಸಾಗಿ, ಬಿಂಬವು ಕಡಲನ್ನು ಮುಟ್ಟುವ ವೇಳೆಗೆ ದಡದ ಹತ್ತಿರದಲ್ಲಿಯೇ ಇರಬೇಕು. ದೋಣಿ ಮಗುಚಿದರೆ ಅದನ್ನು ಬಿಟ್ಟು ಈಜಲು ಹೊರಡಬಾರದು, ಹಿಡಿದುಕೊಂಡೇ ಇರಬೇಕು. ಅದು ತೇಲುತ್ತದೆ, ದೂರದಿಂದಲೂ ಕಾಣುತ್ತದೆ.

ಇವೆಲ್ಲಕ್ಕೂ ಮಿಗಿಲಾಗಿ, ಅಲ್ಲಿನ ಮೀನುಗಾರರ, ಅಂಬಿಗರ ಮಾತಿಗೆ ತಲೆಬಾಗುವುದನ್ನು ಮಕ್ಕಳಿಗೆ ಕಲಿಸಿರಿ. ಅಂಬಿಗರ ಚೌಡಯ್ಯನವರನ್ನು ಶರಣರೆಂದು ಪೂಜಿಸುವ ನಾವು, ಇಂದಿನ ಅಂಬಿಗನೊಬ್ಬ ‘ಈಹೊತ್ತು ಬೇಡ ಮಗಾ’ ಎಂದಾಗ ಅವನ ಓದು, ಉಡುಪು ನೋಡಿ ನಕ್ಕರೆ ಆ ಪೂಜೆಗೆ ಅರ್ಥವೇನು? ತಲೆಮಾರುಗಳಿಂದ ನೀರನ್ನು ಓದಿದವನ ಆ ಒಂದು ಮಾತಿಗೆ, ಕೊಟ್ಟ ಹಣ ಹೋದರೂ ಸರಿಯೆಂದು ದೋಣಿಯಿಂದಿಳಿಯುವ ವಿವೇಕ ನಿಮ್ಮ ಮಗನಿಗೋ ಮಗಳಿಗೋ ಇದೆಯೆಂದಾದರೆ, ಅಂಜದೆ ಕಳುಹಿಸಿರಿ. ಇಲ್ಲವಾದರೆ ಈ ವರ್ಷ ಅವರೊಡನೆ ನೀವೂ ಮರಳಿನ ಮೇಲೆ ಕುಳಿತು ಸೂರ್ಯಾಸ್ತ ನೋಡಿರಿ, ಅದೂ ಕಡಿಮೆಯದೇನಲ್ಲ.