ತರಬೇತಿ ವಿಮಾನ ಹಳೆಯದಾದರೆ ಅದು ಗುಜರಿಯೇ? ಫಾರ್ವರ್ಡ್ ಮಾಡುವ ಮುನ್ನ ಓದಿ

ಸಣ್ಣ ವಿಮಾನವೊಂದು ಹೊಲದಲ್ಲಿ ಇಳಿದ ವಿಡಿಯೋ ಬಂದರೆ ಸಾಕು, ಅದರ ಬೆನ್ನಿಗೇ "ಗುಜರಿ ವಿಮಾನಗಳನ್ನು ನಮ್ಮ ತಲೆ ಮೇಲೆ ಹಾರಿಸುತ್ತಿದ್ದಾರೆ" ಎಂಬಂಥ ಸಂದೇಶಗಳೂ ವಾಟ್ಸಾಪ್ ಗುಂಪುಗಳಲ್ಲಿ ಓಡಾಡತೊಡಗುತ್ತವೆ. ಆಳಂದ, ಅಫಜಲಪುರ, ಜೇವರ್ಗಿಯವರಿಗೆ ಇದು ದೂರದ ಮಾತಲ್ಲ. 2019ರ ನವೆಂಬರ್ 22ರಂದು ಉದ್ಘಾಟನೆಯಾದ ಕಲಬುರಗಿ ವಿಮಾನ ನಿಲ್ದಾಣ, 2021ರಲ್ಲಿ ಪೈಲಟ್ ತರಬೇತಿ ಶಾಲೆಗಳಿಗೆಂದು ಆಯ್ಕೆಯಾದ ದೇಶದ ಐದು ನಿಲ್ದಾಣಗಳಲ್ಲಿ ಒಂದು. ಬೆಳಗಾವಿಯೂ ಆ ಪಟ್ಟಿಯಲ್ಲಿತ್ತು. 2023ರ ಮೇ 30ರಂದು ಬೆಳಗಾವಿಯಿಂದ ಹಾರಿದ್ದ ತರಬೇತಿ ವಿಮಾನವೊಂದು ಹೊನ್ನಿಹಾಳ ಬಳಿಯ ಹೊಲದಲ್ಲಿ ತುರ್ತಾಗಿ ಇಳಿದಿತ್ತು. ಒಳಗಿದ್ದ ಇಬ್ಬರೂ ಬದುಕಿದರು.

ಹಾಗಾದರೆ ಹಳೆಯ ವಿಮಾನ ಎಂದರೆ ಅಪಾಯವೇ? ಈ ಪ್ರಶ್ನೆಯಲ್ಲೇ ಒಂದು ತಪ್ಪು ಅಡಗಿದೆ. ನಾವು ಬೈಕಿನ ವಯಸ್ಸನ್ನು ವರ್ಷದಲ್ಲಿ ಎಣಿಸುತ್ತೇವೆ. ಆದರೆ ಟ್ರ್ಯಾಕ್ಟರ್ ಇರುವವರನ್ನು ಕೇಳಿ, ಅವರು ಗಂಟೆ ಮೀಟರ್ ನೋಡಿ ಸರ್ವಿಸ್ ಮಾಡಿಸುತ್ತಾರೆ. ವಿಮಾನದ್ದೂ ಇದೇ ಲೆಕ್ಕ. ತರಬೇತಿಯಲ್ಲಿ ಹೆಚ್ಚು ಬಳಕೆಯಾಗುವ ಸೆಸ್ನಾ 172 ಮಾದರಿ ಮಾರುಕಟ್ಟೆಗೆ ಬಂದದ್ದು 1956ರಲ್ಲಿ. ಅಜ್ಜನ ಕಾಲದಲ್ಲಿ ತಯಾರಾದವೂ ಇಂದು ಜಗತ್ತಿನಲ್ಲಿ ಹಾರುತ್ತಿವೆ. ಪ್ರತಿ 50 ಮತ್ತು 100 ಗಂಟೆಗಳ ಹಾರಾಟಕ್ಕೆ ಒಮ್ಮೆ ತಪಾಸಣೆ ನಡೆಯುತ್ತದೆ. ಇದರಲ್ಲಿನ ಲೈಕಮಿಂಗ್ ಎಂಜಿನ್ ಅನ್ನು ಸುಮಾರು 2,000 ಗಂಟೆ ಅಥವಾ 12 ವರ್ಷಕ್ಕೆ ಪೂರ್ತಿ ಬಿಚ್ಚಿ ಓವರ್‌ಹಾಲ್ ಮಾಡಬೇಕೆನ್ನುತ್ತದೆ ತಯಾರಕರ ಸೂಚನೆ. ಅಂದರೆ ದೇಹ ಹಳೆಯದಾದರೂ ಒಳಗಿನ ಎಷ್ಟೋ ಭಾಗ ಹೊಸದಾಗಿರುತ್ತದೆ.

ಹೊಸ ವಿಮಾನವಾದರೆ ಸುರಕ್ಷಿತ ಎನ್ನುವುದೂ ಅಷ್ಟೇ ಅರೆಸತ್ಯ. 2018ರ ಏಪ್ರಿಲ್ 4ರಂದು ಅಮೆರಿಕದ ಡೇಟೋನಾ ಬೀಚ್‌ನಲ್ಲಿ ಪೈಪರ್ ತರಬೇತಿ ವಿಮಾನದ ರೆಕ್ಕೆಯೇ ಹಾರಾಟದಲ್ಲಿ ಕಳಚಿತು, ಇಬ್ಬರು ಸತ್ತರು. ವಿಮಾನ ತಯಾರಾದದ್ದು 2007ರಲ್ಲಿ, ಅಂದರೆ ಅದಕ್ಕೆ ಹನ್ನೊಂದೇ ವರ್ಷ. ಆದರೆ ಅಷ್ಟರಲ್ಲೇ ಅದು ಸುಮಾರು 7,690 ಗಂಟೆ ಹಾರಿತ್ತು, 33,000ಕ್ಕೂ ಹೆಚ್ಚು ಬಾರಿ ನೆಲಕ್ಕಿಳಿದಿತ್ತು. ಕಲಿಯುವವರು ಇಳಿಸುವುದು, ಏರಿಸುವುದು, ಮತ್ತೆ ಇಳಿಸುವುದು. ಜೊತೆಗೆ ಎಳೆಯ ಕೈಗಳ ಧಡಕ್ ಎನ್ನುವ ಇಳಿತ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಲೇ ಇದ್ದರೆ ಒಂದು ದಿನ ಮುರಿಯುತ್ತದಲ್ಲ, ರೆಕ್ಕೆಯನ್ನು ಹೊರುವ ತೊಲೆಯ ಬೋಲ್ಟ್ ರಂಧ್ರದಲ್ಲಿ ಹಾಗೆಯೇ ಬಿರುಕು ಬೆಳೆದಿತ್ತು. ಹೊರಗಿನಿಂದ ನೋಡಿದರೆ ಅದು ಕಾಣುವುದಿಲ್ಲ. ಆಮೇಲೆ ಇಂಥ ವಿಮಾನಗಳಲ್ಲಿ ಬೋಲ್ಟ್ ತೆಗೆದು ವಿಶೇಷ ಉಪಕರಣದಿಂದ ಪರೀಕ್ಷಿಸುವುದನ್ನು ಅಲ್ಲಿ ಕಡ್ಡಾಯ ಮಾಡಲಾಯಿತು.

ನಮ್ಮ ಭಾಗದ ಬಿಸಿಲು, ದೂಳಿನ ಕಾಟ ಬೇರೆ. ರಬ್ಬರ್ ಪೈಪು, ಸೀಲುಗಳು ಬಿಸಿಲಿಗೆ ಬೇಗ ಗಟ್ಟಿಯಾಗುತ್ತವೆ, ಏರ್ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ವೇಗ ಅಳೆಯುವ ಸಣ್ಣ ಕೊಳವೆಗೆ ಮುಚ್ಚಳ ಹಾಕದೆ ಬಿಟ್ಟರೆ ಕಡಜ ಬಂದು ಮಣ್ಣಿನ ಗೂಡು ಕಟ್ಟುತ್ತದೆ. (ನಗಬೇಡಿ, ಈ ಕೊಳವೆ ಮುಚ್ಚಿಹೋಗಿ ದೊಡ್ಡ ವಿಮಾನಗಳೂ ಬಿದ್ದಿವೆ.)

ಹಾಗಾಗಿ ಕೇಳಬೇಕಾದ್ದು ವಿಮಾನದ ವಯಸ್ಸನ್ನಲ್ಲ, ಲಾಗ್‌ಬುಕ್ಕನ್ನು. ಕಂಡ ದೋಷವನ್ನು ಬರೆದರೇ? ಒಂದರ ಬಿಡಿಭಾಗ ಕಿತ್ತು ಇನ್ನೊಂದಕ್ಕೆ ಹಾಕಿದ್ದರೆ ಅದರ ದಾಖಲೆ ಇದೆಯೇ? 2023ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದ ಬಾರಾಮತಿ ಬಳಿ ಒಂದೇ ಸಂಸ್ಥೆಯ ಎರಡು ತರಬೇತಿ ವಿಮಾನಗಳು ನಾಲ್ಕು ದಿನಗಳೊಳಗೆ ಬಿದ್ದಾಗ, ನಾಗರಿಕ ವಿಮಾನಯಾನ ನಿರ್ದೇಶನಾಲಯ ಆ ಸಂಸ್ಥೆಯ ತರಬೇತಿಯನ್ನೇ ತಡೆದು ನಿರ್ವಹಣೆಯ ಪರಿಶೀಲನೆಗೆ ಇಳಿಯಿತು. ಜನರ ಆತಂಕಕ್ಕೆ ಆಧಾರವೇ ಇಲ್ಲ ಎಂದು ನಾವು ಹೇಳುತ್ತಿಲ್ಲ.

ಎಂಜಿನ್ ನಿಂತರೆ ವಿಮಾನ ಕಲ್ಲಿನಂತೆ ಬೀಳುತ್ತದೆ ಎಂಬುದು ಮಾತ್ರ ಸುಳ್ಳು. ಸೆಸ್ನಾ 172 ಒಂದು ಕಿಲೋಮೀಟರ್ ಎತ್ತರದಿಂದ ಸುಮಾರು ಒಂಬತ್ತು ಕಿಲೋಮೀಟರ್ ತೇಲಿ ಇಳಿಯಬಲ್ಲದು. ಕೊಯ್ಲಾದ ಬಯಲು ಹೊಲ ಪೈಲಟ್ ಹುಡುಕುವ ಜಾಗವೇ. ನಿಮ್ಮ ಹೊಲದಲ್ಲಿ ಇಳಿದರೆ 112ಕ್ಕೆ ಕರೆ ಮಾಡಿ, ದೂರ ನಿಲ್ಲಿ. ರೆಕ್ಕೆಗಳ ತುಂಬ ಪೆಟ್ರೋಲ್ ಇರುತ್ತದೆ. ಬೀಡಿ, ಸೆಲ್ಫಿ ಎರಡೂ ಬೇಡ.

ಇನ್ನು ವಿಡಿಯೋ ಬಂದರೆ ವಿಮಾನದ ಮೈಮೇಲಿನ ನೋಂದಣಿ ಅಕ್ಷರ ನೋಡಿ. ಭಾರತದ್ದಾದರೆ 'ವಿಟಿ' ಎಂಬ ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುತ್ತದೆ. 'ಎನ್' ಇದ್ದರೆ ಅದು ಅಮೆರಿಕದ ವಿಮಾನ, ಜೇವರ್ಗಿಯ ಹೊಲದ್ದಲ್ಲ.